ಆನೆಗೆ ದನಿ ಒಡೆದಿತ್ತು

ಈಗ ನಿಮಗೆ ಕೇಳಿಸುತ್ತಿರುವುದು ಗಲಾಟೆ ಅಲ್ಲ, ರಿಹರ್ಸಲ್. ವಿರಾಜಪೇಟೆ ಕಡೆಯ ಒಂದು ಶಾಲೆ. ದಸರಾ ರಜೆ. 34 ಮಕ್ಕಳು, 10 ದಿನ, ಒಂದು ಒಪೆರಾ. ನಾನು ಹೋಗಿದ್ದು ಕ್ಯಾಮೆರಾ ಹಿಡಿಯಲು. ಎರಡನೇ ದಿನಕ್ಕೇ ಕೈಗೆ ತಾಳ ಕೊಟ್ಟರು.

ಒಪೆರಾ ಅಂದರೇನು ಅಂತ ಮಕ್ಕಳಿಗೆ ಹೀಗೆ ಹೇಳಿದೆವು: ಯಕ್ಷಗಾನದಲ್ಲಿ ಭಾಗವತರು ಪದ ಹಾಡುತ್ತಾರೆ, ವೇಷದವರು ಅರ್ಥ ಹೇಳುತ್ತಾರೆ. ಇಲ್ಲಿ ವೇಷದವರೇ ಹಾಡಬೇಕು. ಮಾತೆಲ್ಲ ಹಾಡೇ. ಮೈಕೂ ಇಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಒಬ್ಬಳು "ಸಾಂಬಾರ್ ಬೇಕೂ..." ಅಂತ ರಾಗ ಎಳೆದಳು. ಇಡೀ ಸಾಲು "ನನಗೂ, ನನಗೂ" ಅಂತು. ನಮ್ಮ ಮೊದಲ ಕೋರಸ್ ಅದೇ!

ಕಥೆ ಮಕ್ಕಳದೇ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಮುಂಚೆ ಬೆಳೆದ ಗದ್ದೆಗೆ ಆನೆ ನುಗ್ಗುತ್ತದೆ. ಹಾಡಿಸುವುದೇ ಕಷ್ಟವಾಗಿತ್ತು. ಹಾರ್ಮೋನಿಯಂ ಮೇಷ್ಟ್ರು ತಮ್ಮ ಗಂಟಲಿಗೆ ಸರಿಹೋಗುವ ಬಿಳಿ ಒಂದರ, ಅಂದರೆ ಮೊದಲ ಬಿಳಿ ಮನೆಯ, ತಗ್ಗಿನ ಶ್ರುತಿ ಹಿಡಿದಿದ್ದರು. ಕೆಳಗಿನ ಸ್ವರಕ್ಕೆ ಮಕ್ಕಳ ದನಿ ಇಳಿಯುತ್ತಲೇ ಇರಲಿಲ್ಲ. ಬಿಳಿ ನಾಲ್ಕಕ್ಕೆ ಏರಿಸಿದ ಮೇಲೆ ದನಿ ಬಂತು, ಆದರೆ ಬರೀ ಗಂಟಲಿನಿಂದ. "ಹೊಟ್ಟೆಯಿಂದ ಹಾಡಿ" ಅಂತ ಎಷ್ಟು ಹೇಳಿದರೂ ಅಷ್ಟೇ. ಆಮೇಲೆ ಕದಿರು ಕೊಯ್ಯುವ ದೃಶ್ಯ ಬಂತು. "ಪೊಲಿ ಪೊಲಿ ದೇವಾ!" ಬೆಳೆ ಹೆಚ್ಚಲಿ ದೇವರೇ ಅನ್ನುವ ಆ ಕೂಗನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಗದ್ದೆಯಲ್ಲಿ ಕೂಗಿ ರೂಢಿ ಅಲ್ವಾ. ಹಾಲ್‌ನ ಕೊನೇ ಗೋಡೆಗೆ ಬಡಿದು ವಾಪಸ್ ಬಂತು. ಮೇಷ್ಟ್ರು ಹಾರ್ಮೋನಿಯಂ ಬಿಟ್ಟು, "ಇದೇ! ಇದೇ ಹೊಟ್ಟೆ!" ಅಂದರು.

ಇಗೋ, ಮೂಲೆಯಲ್ಲಿ ನಿಂತಿರುವವನು ಒಂಬತ್ತನೇ ಕ್ಲಾಸು. ದನಿ ಒಡೆಯುತ್ತಿತ್ತು. ಒಂದು ಸಾಲಿನಲ್ಲಿ ಮೂರು ಗಂಟಲು. ಬಿಟ್ಟುಹೋಗುತ್ತೇನೆ ಅಂದ. ಅವನಿಗೇ ಆನೆ ಪಾತ್ರ ಕೊಟ್ಟೆವು. ಆನೆಗಳು ನಮ್ಮ ಕಿವಿಗೆ ಕೇಳದಷ್ಟು ತಗ್ಗಿನ ದನಿಯಲ್ಲೂ ಮಾತಾಡುತ್ತವೆ ಅಂತ ಹೇಳಿದ್ದೇ ತಡ, "ಹಾಗಾದ್ರೆ ನಾನು ಸುಮ್ನೆ ನಿಂತ್ರೂ ಆಯ್ತಲ್ಲ ಅಕ್ಕ?" ಅಂದ. ಆಗಲಿಲ್ಲ. ನಾಲ್ಕು ಸಾಲು ಹಾಡಿಸಿದೆವು, ಬಿರುಕಿನ ಸಮೇತ.

ನಮ್ಮ ಕಥೆಯಲ್ಲಿ ಬರುವ ಮಳೆಯ ಸದ್ದಿನ ಉಪಾಯ ನಮ್ಮದಲ್ಲ. 1958ರಲ್ಲಿ ಇಂಗ್ಲೆಂಡಿನ ಸಂಗೀತ ಸಂಯೋಜಕ ಬೆಂಜಮಿನ್ ಬ್ರಿಟನ್, ಮಕ್ಕಳೂ ಸೇರಿ ಆಡುವ ಒಪೆರಾ ಒಂದರಲ್ಲಿ ಮಳೆಹನಿಗೆಂದು ಕಪ್ಪುಗಳನ್ನು ಸಾಲಾಗಿ ನೇತುಹಾಕಿಸಿ ಬಡಿಸಿದ್ದರು. ನಾವೂ ಹಗ್ಗಕ್ಕೆ ಪಿಂಗಾಣಿ ಕಪ್ ಕಟ್ಟಿದೆವು. ಸ್ಟೀಲ್ ಲೋಟವೂ ನೋಡಿದ್ದೆವು. ಅದು ಹೋಟೆಲಿನ ಸದ್ದು.

ಹತ್ತನೇ ದಿನ, ಸಂಜೆ ನಾಲ್ಕು. ಅಪ್ಪ ಅಮ್ಮಂದಿರು ಬಂದು ಕೂತಿದ್ದಾರೆ. ಎರಡನೇ ದೃಶ್ಯಕ್ಕೆ ನಿಜವಾದ ಮಳೆ, ಅದೂ ಶೀಟಿನ ಮಾಡಿನ ಮೇಲೆ! ಒಂದು ಅಕ್ಷರ ಕೇಳಿಸುತ್ತಿಲ್ಲ. ಮೇಷ್ಟ್ರು ಕೈ ಎತ್ತಿ ನಿಲ್ಲಿಸಿದರು. ಆನೆ ನಿಂತಿತು, ಗದ್ದೆ ಕಾಯುವವರು ನಿಂತರು. ಕಪ್ ಬಡಿಯುವ ಹುಡುಗಿಯರನ್ನು ನೋಡಿ. ತಲೆ ಎತ್ತುತ್ತಲೇ ಇಲ್ಲ. ಬಡಿಯುತ್ತಲೇ ಇದ್ದಾರೆ.