ಕೊತ್ತಿಗೆ ಬಿದ್ದ ಏಟು ಯಾರಿಗೆ?

ಎಲ್ರಿಗೂ ನಮಸ್ಕಾರ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ಒಂದು ಗಾದೆ ಇದ್ಯಲ್ಲ, ಅದನ್ನ ಕೇಳಿದ್ರೆ ನಾವೆಲ್ಲ ನಗ್ತೀವಿ. ಪಾಪ ಸೊಸೆ, ಅತ್ತೆಗೆ ಎದುರಾಡೋಕಾಗ್ದೆ ಬೆಕ್ಕಿಗೆ ಒಂದು ಕೊಟ್ಳು, ಅಷ್ಟೇ ತಾನೇ ಅಂತ. ಗಾದೆ ಲೆಕ್ಕದಲ್ಲಿ ಏಟು ಗುರಿ ತಪ್ಪಿ ಬೇರೆಲ್ಲೋ ಬಿತ್ತು. ಆದ್ರೆ ಕೆಲವು ಮನೆಗಳಲ್ಲಿ ಗುರಿ ತಪ್ಪೋದೇ ಇಲ್ಲ, ಮನೆ ಯಜಮಾನ ನಾಯಿಗೆ ಹೊಡೆಯೋದೇ ಹೆಂಡತಿ ನೋಡ್ಲಿ ಅಂತ, ಮಕ್ಕಳು ನೋಡ್ಲಿ ಅಂತ. ಇದಕ್ಕೆ ಆಗಿದ್ದು ನಾಳೆ ನಿಂಗೂ ಆಗುತ್ತೆ ಅನ್ನೋದನ್ನ ಬಾಯಿಬಿಟ್ಟು ಹೇಳೋ ಅಗತ್ಯಾನೇ ಬೀಳಲ್ಲ.

ಅಂಥ ಮನೇಲಿ ಗೇಟಿನ ಚಿಲಕ ಸದ್ದಾದಾಗ ಏನಾಗುತ್ತೆ ಗೊತ್ತಾ? ಬೇರೆ ಮನೆ ನಾಯಿಗಳು ಬಾಲ ಅಲ್ಲಾಡಿಸ್ಕೊಂಡು ಬಾಗಿಲಿಗೆ ಓಡುತ್ವೆ, ಈ ಮನೆ ನಾಯಿ ಹೊಟ್ಟೆ ನೆಲಕ್ಕೆ ಹಚ್ಕೊಂಡು ಮಂಚದ ಕೆಳಗೆ ತೆವಳುತ್ತೆ, ಹೆದರಿಕೆಗೆ ಅಲ್ಲೇ ಉಚ್ಚೆ ಹೊಯ್ಕೊಳ್ಳುತ್ತೆ, ಆಮೇಲೆ ಆ ಉಚ್ಚೆಗೂ ಏಟು ಬೀಳುತ್ತೆ. ಅದೇ ಹೊತ್ತಿಗೆ ಹುಡುಗ ಟಿವಿ ವಾಲ್ಯೂಮ್ ಕಮ್ಮಿ ಮಾಡಿ ಯಾವ್ದೋ ಪುಸ್ತಕ ತೆಗ್ದು ಕೂರ್ತಾನೆ, ಅಮ್ಮ ಫೋನಲ್ಲಿ ಮಾತಾಡ್ತಿದ್ದೋಳು ಪಟ್ಟಂತ ಕಟ್ ಮಾಡ್ತಾಳೆ. ಮೂರೂ ಜನ ಮಾಡ್ತಿರೋದು ಒಂದೇ ಕೆಲ್ಸ, ನಾಯಿಗೆ ಮಾತ್ರ ಅದನ್ನ ಮುಚ್ಚಿಡೋಕೆ ಬರಲ್ಲ. (ಮೂರು ಜನ ಅಂದೆ, ಇರ್ಲಿ ಬಿಡಿ, ನಾಯಿನೂ ಸೇರಿಸೇ ಅಂದಿದ್ದು.)

ಇದು ಬರೀ ಊಹೆ ಅಲ್ಲ. ಅಮೆರಿಕದ ಯೂಟಾ ರಾಜ್ಯದಲ್ಲಿ ಫ್ರಾಂಕ್ ಆಸಿಯೋನ್ ಅನ್ನೋ ಮನಶ್ಶಾಸ್ತ್ರಜ್ಞರು, ಏಟು ತಾಳಲಾರದೆ ಮನೆ ಬಿಟ್ಟು ಆಶ್ರಯಧಾಮ ಸೇರಿದ್ದ 38 ಹೆಂಗಸರನ್ನ ಮಾತಾಡಿಸಿ 1998ರಲ್ಲಿ ಒಂದು ಲೇಖನ ಬರೆದ್ರು. ಅವರಲ್ಲಿ ಸಾಕುಪ್ರಾಣಿ ಇದ್ದವರ ಪೈಕಿ ನೂರಕ್ಕೆ 71ರಷ್ಟು ಜನ, ಹೌದು, ಅವನು ನಮ್ಮ ಪ್ರಾಣಿಗೂ ಹೊಡೆದಿದ್ದಾನೆ, ಕೊಂದಿದ್ದಾನೆ, ಇಲ್ಲಾ ಕೊಲ್ತೀನಿ ಅಂತ ಹೆದರಿಸಿದ್ದಾನೆ ಅಂದ್ರು. 38 ಜನ ಅಂದ್ರೆ ಸಣ್ಣ ಲೆಕ್ಕ, ಒಪ್ಕೋತೀನಿ, ಆದ್ರೆ ಆಮೇಲೆ ಬೇರೆ ದೇಶಗಳಲ್ಲಿ ಕೇಳ್ದಾಗ್ಲೂ ಇಂಥದ್ದೇ ಉತ್ತರಗಳು ಬಂದ್ವು. ಅದಕ್ಕೂ ಮುಂಚೆ 1983ರಲ್ಲಿ ನ್ಯೂಜೆರ್ಸಿಯಲ್ಲಿ, ಮಕ್ಕಳ ಮೇಲೆ ದೌರ್ಜನ್ಯ ಆಗಿದ್ದ, ಪ್ರಾಣಿ ಸಾಕಿದ್ದ 53 ಮನೆಗಳನ್ನ ನೋಡಿದ್ರು. ಮಗುವಿಗೆ ಮೈಮೇಲೆ ಏಟು ಬಿದ್ದಿದ್ದ ಮನೆಗಳಲ್ಲಿ ನೂರಕ್ಕೆ 88ರಲ್ಲಿ ಪ್ರಾಣಿಗೂ ಹಿಂಸೆ ಆಗಿತ್ತು.

ಇನ್ನೊಂದು ವಿಷ್ಯ, ಹೊರಗಿನವರು ಸುಲಭವಾಗಿ ಕೇಳ್ಬಿಡ್ತಾರೆ, ಅಷ್ಟು ಕಷ್ಟ ಇದ್ರೆ ಆ ಹೆಂಗಸು ಮನೆ ಬಿಟ್ಟು ಬರಬಹುದಿತ್ತಲ್ಲಾ ಅಂತ. ಎಲ್ಲಿ ಬರ್ತಾಳೆ? ಹೆಚ್ಚಿನ ಆಶ್ರಯಧಾಮಗಳಲ್ಲಿ ನಾಯಿ ಬೆಕ್ಕಿಗೆ ಜಾಗ ಇಲ್ಲ, ಬಿಟ್ಟು ಬಂದ್ರೆ ಅವನು ಅದನ್ನ ಏನ್ ಮಾಡ್ತಾನೆ ಅಂತ ಅವಳಿಗೆ ಚೆನ್ನಾಗಿ ಗೊತ್ತು, ಹಂಗಾಗಿ ಇವತ್ತು ನಾಳೆ ಅಂತ ಅಲ್ಲೇ ಉಳಿದುಬಿಡ್ತಾಳೆ. ಇದು ಅರ್ಥ ಆಗಿದ್ದಕ್ಕೇ ಅಮೆರಿಕದ ಮೇಯ್ನ್ ರಾಜ್ಯ 2006ರಲ್ಲಿ, ಕೋರ್ಟು ಕೊಡೋ ರಕ್ಷಣಾ ಆದೇಶದಲ್ಲಿ ಸಾಕುಪ್ರಾಣಿನೂ ಸೇರಿಸಬಹುದು ಅಂತ ಕಾನೂನು ತಂತು, ಅಲ್ಲಿ ಅದೇ ಮೊದಲು. 2016ರಿಂದ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನವರೂ ಪ್ರಾಣಿಹಿಂಸೆನ ಪ್ರತ್ಯೇಕ ಅಪರಾಧ ಅಂತ ಲೆಕ್ಕ ಇಡ್ತಿದ್ದಾರೆ, ಅಲ್ಲೀವರೆಗೂ ಅದನ್ನ 'ಇತರೆ'ಗೆ ತಳ್ಳಿ ಕೈ ತೊಳ್ಕೋತಿದ್ರು.

ಹಂಗಂತ ಬೆಕ್ಕಿನ ಬಾಲ ಎಳೆದ ಮಗುನೆಲ್ಲ ನಾಳೆಯ ಕೊಲೆಗಾರ ಅಂತ ನೋಡ್ಬೇಡಿ, ದಯವಿಟ್ಟು. ಮೊದಲು ಪ್ರಾಣಿ, ಆಮೇಲೆ ಮನುಷ್ಯ ಅಂತ ಮೆಟ್ಟಿಲು ಹತ್ತಿದ ಹಾಗೆ ಹೋಗುತ್ತೆ ಅನ್ನೋ ಮಾತು ಟಿವಿಲಿ ಬಹಳ ಓಡುತ್ತೆ. ಮ್ಯಾಸಚೂಸೆಟ್ಸ್‌ನಲ್ಲಿ ಪ್ರಾಣಿಹಿಂಸೆ ಕೇಸ್ ಬಿದ್ದಿದ್ದ 153 ಜನರ ದಾಖಲೆಗಳನ್ನ ಅವರ ನೆರೆಹೊರೆಯವರ ದಾಖಲೆ ಜೊತೆ ಇಟ್ಟು ನೋಡಿ 1999ರಲ್ಲಿ ಪ್ರಕಟಿಸಿದ್ರು, ಇವರು ಮನುಷ್ಯರ ಮೇಲೆ ಕೈ ಮಾಡಿದ್ದು ಐದು ಪಟ್ಟು ಜಾಸ್ತಿ ಅನ್ನೋದೇನೋ ನಿಜ, ಆದ್ರೆ ಪ್ರಾಣಿಗೆ ಮೊದಲು ಮನುಷ್ಯರಿಗೆ ಆಮೇಲೆ ಅನ್ನೋ ಕ್ರಮ ಮಾತ್ರ ಅಲ್ಲಿ ಸಿಗ್ಲಿಲ್ಲ. ಎರಡೂ ಒಟ್ಟೊಟ್ಟಿಗೆ ಇರುತ್ತೆ, ಹಿಂದೆ ಮುಂದೆ ಹೆಂಗೂ ಇರಬಹುದು. ಮಗು ಪದೇ ಪದೇ ಪ್ರಾಣಿಗೆ ನೋವು ಮಾಡ್ತಿದ್ರೆ ಬೈಯೋಕೆ ಮುಂಚೆ ಅದು ಯಾರನ್ನ ನೋಡಿ ಕಲೀತು ಅಂತ ವಿಚಾರಿಸೋದು ವಾಸಿ.

ಮನೇಲಿ ಯಾರಾದ್ರೂ ಹೊಡೀತಾರಾ ಪುಟ್ಟಾ ಅಂತ ನೇರವಾಗಿ ಕೇಳಿದ್ರೆ ಮಗು ತಲೆ ತಗ್ಗಿಸುತ್ತೆ. ನಿಮ್ಮನೆ ನಾಯಿ ಹೆಂಗಿದೆ, ರಾತ್ರಿ ಎಲ್ಲಿ ಮಲಗುತ್ತೆ, ಯಾರನ್ನ ಕಂಡ್ರೆ ಹೆದರುತ್ತೆ ಅಂತ ಕೇಳಿ ನೋಡಿ, ನಾಯಿ ವಿಷ್ಯ ತಾನೇ ಅಂತ ಎಷ್ಟೋ ಸಲ ಬಾಯಿ ಬಿಡುತ್ತೆ. ಕೇಳಿಸ್ಕೊಂಡು ಅದೇ ಕೋಪದಲ್ಲಿ ಆ ಮನೆ ಯಜಮಾನನ ಮುಂದೆ ಹೋಗಿ ನಿಲ್ಬೇಡಿ, ನೀವು ಈ ಕಡೆ ಬಂದ ಮೇಲೆ ಏಟು ಬೀಳೋದು ಅದೇ ಮಗುವಿಗೆ, ಅದೇ ನಾಯಿಗೆ. ಮಕ್ಕಳ ಸಹಾಯವಾಣಿಗೋ ಪೊಲೀಸರಿಗೋ ತಿಳಿಸಿ, ನಾಯಿ ವಿಷ್ಯನೂ ಬಿಡದೆ ಹೇಳಿ. ನಮಸ್ಕಾರ.