ಹಿರೋಶಿಮಾದ ಮೂರು ಅಲೆ, ಒಂದು ಕಣಗಿಲೆ

ಎಲ್ಲರಿಗೂ ನಮಸ್ಕಾರ.

ಹಿರೋಶಿಮಾ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಅಣಬೆಯಂತೆ ಎದ್ದ ಹೊಗೆ. ತಾರೀಕು ಕೂಡ ಬಾಯಿಪಾಠ. ಆದರೆ ಆ ಬೆಳಿಗ್ಗೆಗೂ ಮುಂಚೆ ಆ ಊರು ಮುನ್ನೂರೈವತ್ತು ವರ್ಷ ಬಾಳಿತ್ತು. ಹಾಗಾಗಿ ಇವತ್ತು ನದಿಯಿಂದ ಶುರು ಮಾಡೋಣ.

ಓಟಾ ಅನ್ನುವ ನದಿ ಬೆಟ್ಟಗಳಿಂದ ಇಳಿದು ಬಂದು, ಸಮುದ್ರ ಸೇರುವ ಮುಂಚೆ ಬೆರಳು ಬಿಡಿಸಿದ ಅಂಗೈಯ ಹಾಗೆ ಕವಲೊಡೆಯುತ್ತದೆ. ಮೊದಲು ಏಳು ಕವಲು ಇತ್ತು, ಈಗ ಆರು. ಪ್ರವಾಹದ ನೀರು ಹೋಗಲೆಂದು ದೊಡ್ಡ ಕಾಲುವೆ ತೋಡಿದಾಗ ಎರಡು ಕವಲು ಅದರೊಳಗೆ ಸೇರಿ ಒಂದಾದವು. ಈ ಕವಲುಗಳ ನಡುವಿನ ಮರಳು ದಿಬ್ಬಗಳ ಮೇಲೆ 1589ರಲ್ಲಿ ಮೋರಿ ತೆರುಮೊತೊ ಎಂಬ ದೊರೆ ಕೋಟೆ ಕಟ್ಟಲು ಕೈ ಹಾಕಿದ. ಹೆಸರು ಕೇಳಿ ನಗಬೇಡಿ, ನಮ್ಮ ಮೋರಿಗೂ ಅವನಿಗೂ ಸಂಬಂಧವಿಲ್ಲ! ಹಿರೋ ಅಂದರೆ ವಿಶಾಲ, ಶಿಮಾ ಅಂದರೆ ದ್ವೀಪ. ಊರಿಗೆ ಹೆಸರು ಬಂದದ್ದು ಹೀಗೆ ಅಂತ ಕೆಲವರು ಹೇಳುತ್ತಾರೆ. ಇಬ್ಬರು ಮನುಷ್ಯರ ಹೆಸರಿನಿಂದ ಒಂದೊಂದು ತುಂಡು ತೆಗೆದು ಜೋಡಿಸಿದ್ದು ಅಂತ ಇನ್ನು ಕೆಲವರು.

ಈ ಊರಿನಲ್ಲಿ ನದಿ ಸುಮ್ನೆ ಹರಿದುಕೊಂಡು ಹೋಗುವುದಿಲ್ಲ. ಸಮುದ್ರದ ಉಬ್ಬರ ಇಳಿತ ಊರೊಳಗಿನ ಕವಲುಗಳವರೆಗೂ ಬರುತ್ತದೆ. ನೀರು ಮೂರು ನಾಲ್ಕು ಮೀಟರ್ ಏರಿ ಇಳಿಯುವುದೂ ಉಂಟು. ಹಾಗಿದ್ದರೆ ದೋಣಿಗೆ ಸರಕು ಹೇರುವುದು ಹೇಗೆ? ಅದಕ್ಕೇ ದಂಡೆಯಿಂದ ನೀರಿನವರೆಗೆ ಕಲ್ಲಿನ ಮೆಟ್ಟಿಲು ಕಟ್ಟಿದರು. ಅವಕ್ಕೆ ಅಲ್ಲಿ ಗಂಗಿ ಅನ್ನುತ್ತಾರೆ. ನೀರು ಎಷ್ಟೇ ಇರಲಿ, ಯಾವುದೋ ಒಂದು ಮೆಟ್ಟಿಲು ದೋಣಿಗೆ ಸರಿಯಾಗಿ ಸಿಗುತ್ತದೆ. ನಮ್ಮ ಸ್ನಾನಘಟ್ಟ ನೆನಪಾಗುತ್ತದೆ, ಅಲ್ವಾ? ಊರೊಳಗೆ ಅಂಥವು ಇಂದಿಗೂ ನೂರಾರಿವೆ.

ಇದೇ ನದಿ ಒಬ್ಬ ದೊರೆಯ ಪದವಿಯನ್ನೂ ಕಸಿದಿದೆ. ಮೋರಿಗಳ ನಂತರ ಬಂದವನು ಫುಕುಶಿಮಾ ಮಸನೊರಿ. ಪ್ರವಾಹ ಬಂದು ಕೋಟೆ ಹಾಳಾಯಿತು. ಅವನು ರಿಪೇರಿ ಮಾಡಿಸಿದ. ತಪ್ಪೇನು ಅಂತೀರಾ? ಇಡೀ ಜಪಾನನ್ನು ಆಳುತ್ತಿದ್ದ ಸೇನಾ ದೊರೆ ಶೋಗನ್‌ನ ಅಪ್ಪಣೆ ಬರುವ ಮುಂಚೆಯೇ ಮಾಡಿಸಿದ. ದೊರೆಗಳು ಕೋಟೆ ಗಟ್ಟಿ ಮಾಡಿಕೊಂಡರೆ ಶೋಗನ್‌ಗೆ ಅನುಮಾನ. 1619ರಲ್ಲಿ ಅವನ ಸೀಮೆ ಹೋಯಿತು, ಅಸಾನೊ ಮನೆತನ ಬಂತು. ಅವರು 1871ರಲ್ಲಿ ಸಂಸ್ಥಾನಗಳೇ ರದ್ದಾಗುವವರೆಗೂ ಆಳಿದರು.

ಈಗ ಪರದೆಯ ಮೇಲೆ ಕಾಣುತ್ತಿರುವುದು ನಗರದ ಲಾಂಛನ. ಒಂದರ ಕೆಳಗೆ ಒಂದು, ಮೂರು ಪಟ್ಟೆ. ಅಸಾನೊಗಳ ಬಾವುಟದಲ್ಲಿದ್ದದ್ದೂ ಮೂರು ಪಟ್ಟೆಯೇ, ಆದರೆ ನೆಟ್ಟಗಿನವು. 1896ರಲ್ಲಿ ನಗರಕ್ಕೆ ಗುರುತು ಬೇಕೆಂದಾಗ ಆ ಪಟ್ಟೆಗಳನ್ನು ಬಳುಕಿಸಿ ಅಲೆ ಮಾಡಿದರು. ನನಗಂತೂ ಇದು ಜಾಣತನದ ಕೆಲಸ ಅನ್ನಿಸುತ್ತದೆ. ದೊರೆ ಹೋದ, ಪಟ್ಟೆ ಉಳಿಯಿತು. ಅದೂ ನದಿಯಾಗಿ ಉಳಿಯಿತು.

ಆ ಹೊತ್ತಿಗೆ ಊರು ಸೈನ್ಯದ ಠಾಣೆಯಾಗುತ್ತಿತ್ತು. 1894ರಲ್ಲಿ ಚೀನಾದ ಮೇಲಿನ ಯುದ್ಧಕ್ಕೆ ಕೋಟೆಯೇ ಮುಖ್ಯ ಕಚೇರಿ. ಚಕ್ರವರ್ತಿಯೂ ಬಂದು ಅಲ್ಲೇ ಉಳಿದ. ಈ ಮಾತನ್ನು ಬಿಟ್ಟು ಹಿರೋಶಿಮಾದ ಕಥೆ ಹೇಳಿದರೆ ಅರ್ಧ ಮುಚ್ಚಿಟ್ಟಂತೆ.

1945ರಲ್ಲಿ ಅಣುಬಾಂಬು ಹಾಕಲು ಬಂದ ಅಮೆರಿಕದ ವಿಮಾನದವರು ಗುರಿ ಇಟ್ಟದ್ದೂ ನದಿಯ ಮೇಲಿನ ಒಂದು ಸೇತುವೆಗೇ. ಒಂದು ಕವಲು ಎರಡಾಗುವ ಜಾಗದಲ್ಲಿರುವ ಐಓಯಿ ಸೇತುವೆ. ಅದರ ಆಕಾರ ಬಡಗಿಯ ಕೊಡತಿಯ ಹಾಗೆ, ಮೇಲಿನಿಂದ ಸುಲಭವಾಗಿ ಗೊತ್ತಾಗುತ್ತದೆ. ಬೆಳಿಗ್ಗೆ 8.15. ಆ ವರ್ಷದ ಕೊನೆಯೊಳಗೆ ಸತ್ತವರು ಸುಮಾರು 1,40,000 ಜನ. ಸುಟ್ಟ ಮೈಯಲ್ಲಿ ನೀರು ನೀರು ಅಂತ ಜನ ಇಳಿದದ್ದು ಅದೇ ಗಂಗಿ ಮೆಟ್ಟಿಲುಗಳಲ್ಲಿ.

ಇನ್ನು ಎಪ್ಪತ್ತೈದು ವರ್ಷ ಇಲ್ಲಿ ಹುಲ್ಲೂ ಹುಟ್ಟುವುದಿಲ್ಲ ಅಂತ ಸುದ್ದಿ ಹಬ್ಬಿತು. ಆ ಬೂದಿಯಲ್ಲಿ ಬೇಗನೆ ಹೂ ಬಿಟ್ಟ ಗಿಡ ಯಾವುದು ಗೊತ್ತೇ? ಕಣಗಿಲೆ. ಹೌದು, ನಾವು ಶಿವನಿಗೆ ಏರಿಸುವ ಕಣಗಿಲೆ. ನಮ್ಮ ಹೆದ್ದಾರಿಗಳ ನಡುವೆ ಸಾಲಾಗಿ ನೆಟ್ಟಿರುತ್ತಾರಲ್ಲ, ದನ ಬಾಯಿ ಹಾಕುವುದಿಲ್ಲ ಅಂತ, ಅದೇ. ಬೇರಿನಿಂದ ಹೂವಿನವರೆಗೆ ವಿಷ. 1973ರಲ್ಲಿ ಹಿರೋಶಿಮಾ ಅದನ್ನು ನಗರದ ಹೂವಾಗಿ ಆರಿಸಿತು. ವಿಷದ ಗಿಡವನ್ನು ಯಾಕೆ ಅಂತ ಯಾರಾದರೂ ಕೇಳಬಹುದು. ಸುಟ್ಟ ನೆಲದಲ್ಲಿ ಮೊದಮೊದಲು ಕಂಡ ಬಣ್ಣ ಅದು, ಆ ಜನ ಹೇಗೆ ಬಿಟ್ಟಾರು?

ಅದೇ ವರ್ಷ ಆರಿಸಿದ ನಗರದ ಮರವೂ ನಮಗೆ ಹೊಸದಲ್ಲ, ಕರ್ಪೂರದ ಮರ. ನಾವು ಆರತಿಗೆ ಹಚ್ಚುವ ಕರ್ಪೂರ ಈಗ ಹೆಚ್ಚಾಗಿ ಕಾರ್ಖಾನೆಯದ್ದು. ಅಸಲಿ ಕರ್ಪೂರ ಬರುತ್ತಿದ್ದದ್ದು ಈ ಮರದಿಂದ. ಬಾಂಬು ತಿಂದೂ ಬದುಕಿದ ಸುಮಾರು 160 ಮರಗಳನ್ನು ಗುರುತಿಸಿ ಹೆಸರಿನ ಫಲಕ ಹಾಕಿದ್ದಾರೆ. ಅವುಗಳಲ್ಲಿ ಕರ್ಪೂರದ ಮರಗಳೂ ಇವೆ. ಹೊಸದಾಗಿ ಹಾಕಿದ 100 ಮೀಟರ್ ಅಗಲದ ಶಾಂತಿ ರಸ್ತೆಗೆ ಮರಗಳೇ ಇರಲಿಲ್ಲ. 1957-58ರಲ್ಲಿ ಸುತ್ತಲಿನ ಊರುಗಳ ಜನ ತಮ್ಮ ಮರಗಳನ್ನೇ ಕೊಟ್ಟರು.

ಕೊನೆಗೆ ಒಂದು ಮೀನು. ಲಾಂಛನದಲ್ಲಿ ಅದಿಲ್ಲ, ಆದರೆ ಊರಿನವರ ಎದೆಯ ಮೇಲೆ ಅದೇ. ಕೋಟೆಯ ಹತ್ತಿರದ ಜಾಗದ ಹೆಸರು ಕೋಯಿ. ಗೆಂಡೆಮೀನಿಗೂ ಜಪಾನಿ ಭಾಷೆಯಲ್ಲಿ ಕೋಯಿ ಎಂದೇ ಹೆಸರು. ಹಾಗಾಗಿ ಕೋಟೆಗೆ ಕೋಯಿ ಕೋಟೆ ಅನ್ನುವ ಅಡ್ಡಹೆಸರು ಬಿತ್ತು. ಬಾಂಬು ಬಿದ್ದ ಮೂರೇ ದಿನಕ್ಕೆ, ಆಗಸ್ಟ್ 9ರಂದು, ಮತ್ತೆ ಟ್ರಾಮ್ ಓಡಿದ್ದೂ ಆ ಕೋಯಿಯಿಂದಲೇ. 1950ರಲ್ಲಿ ಬೇಸ್‌ಬಾಲ್ ಆಟಕ್ಕಿಳಿದ ಊರಿನ ತಂಡವೂ ಆ ಮೀನಿನ ಇಂಗ್ಲಿಷ್ ಹೆಸರನ್ನೇ ಇಟ್ಟುಕೊಂಡಿತು, ಕಾರ್ಪ್ ಅಂತ. ಮರುವರ್ಷವೇ ಕೈಯಲ್ಲಿ ಕಾಸಿಲ್ಲ. ಆಗ ಮೈದಾನದ ಬಾಗಿಲಲ್ಲಿ ಸಾಕೆ ಮದ್ಯದ ಮರದ ಪೀಪಾಯಿ ಇಟ್ಟರು. ಮನೆ ಮಠ ಕಳೆದುಕೊಂಡಿದ್ದ ಜನ ಅದರೊಳಗೆ ಚಿಲ್ಲರೆ ಹಾಕಿ ತಂಡ ಉಳಿಸಿಕೊಂಡರು. ಆ ತಂಡ ಮೊದಲ ಸಲ ಲೀಗ್ ಗೆಲ್ಲುವ ಹೊತ್ತಿಗೆ 1975 ಬಂದಿತ್ತು.

ಪ್ರಶ್ನೆಗಳಿದ್ದರೆ ಕೇಳಿ.