43 ಡಿಗ್ರಿ, 58 ನಾಯಿ, ಒಂದು ಕೂಲರ್

ಈ ಗದ್ದಲ ಕೇಳಿ ಗಾಬರಿ ಆಗಬೇಡಿ. ಗೇಟಿನ ಚಿಲಕ ತೆಗೆದ ಸದ್ದಿಗೇ ಇಷ್ಟು. ಗಂಜಿ ಪಾತ್ರೆ ಹೊರಗೆ ಬಂದರೆ ನನ್ನ ಮಾತು ನನಗೇ ಕೇಳಿಸುವುದಿಲ್ಲ. ಅದಕ್ಕೇ ರಾತ್ರಿ ಮನೆಯಲ್ಲಿ ಕೂತು ವಿಡಿಯೋಗೆ ಈ ಮಾತು ಸೇರಿಸುತ್ತಿದ್ದೇನೆ.

ಇದು ಬೆಳಿಗ್ಗೆ ಆರೂವರೆ. ಆಗಲೇ ಬಿಸಿಲು ನೋಡಿ. ಹಿಂದಿನ ದಿನ ಕಲಬುರಗಿಯಲ್ಲಿ 43 ಡಿಗ್ರಿ ಇತ್ತು. ನಮ್ಮ ಪ್ರಾಣಿಗಳ ಶೆಲ್ಟರ್ ಸೇಡಂ ರಸ್ತೆ ಕಡೆ, ಊರ ಹೊರಗೆ. ಮೇಲೆ ತಗಡು, ಕೆಳಗೆ ಶಹಾಬಾದ್ ಕಲ್ಲು, ಸುತ್ತ ಜಾಲರಿ. ನಮ್ಮ ಓಣಿಯ ಹತ್ತು ಮನೆಯವರು ಸೇರಿ ಶುರು ಮಾಡಿದ್ದು. ತಿಂಗಳಿಗೆ ಇಷ್ಟು ಅಂತ ಕೊಡುತ್ತಾರೆ. ಕೆಲವರು ಮರೆಯುತ್ತಾರೆ. ಮರೆತವರೇ ಬಂದು ‘ಯಾಕ್ರೀ ಇಷ್ಟು ವಾಸನಿ?’ ಅಂತ ಮೊದಲು ಕೇಳುವುದು. ಈಗ ಇರುವುದು 58 ನಾಯಿ, 11 ಬೆಕ್ಕು, ಒಂದು ಆಕಳು. ಆಕಳು ಪ್ಲಾಸ್ಟಿಕ್ ತಿಂದು ಹೊಟ್ಟೆ ಉಬ್ಬಿಸಿಕೊಂಡು ಬಂದಿತ್ತು. ಈಗ ನಮ್ಮನ್ನೇ ಹಾಯುವಷ್ಟು ಗಟ್ಟಿಯಾಗಿದೆ.

ಒಲೆ ಮುಂದೆ ಇರುವವರು ಕಾಕಾ. ನುಚ್ಚಕ್ಕಿ, ಕೋಳಿ ಕಾಲು, ಚೂರು ಅರಿಶಿನ, ಅಷ್ಟೇ. ಬುಟ್ಟಿಯಲ್ಲಿರುವುದು ಖಾನಾವಳಿಯಲ್ಲಿ ಉಳಿದ ಜೋಳದ ರೊಟ್ಟಿ. ರೊಟ್ಟಿ ಕಳಿಸಿ, ಪಲ್ಯ ಬೇಡ ಅಂತ ಎಷ್ಟು ಸಲ ಹೇಳಿದ್ದೇನೆ. ನಮ್ಮ ಕಡೆ ಪಲ್ಯ ಅಂದರೆ ಅರ್ಧ ಉಳ್ಳಾಗಡ್ಡಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಜಾಸ್ತಿ ತಿಂದರೆ ನಾಯಿಗೆ ರಕ್ತದ ಕೆಂಪು ಕಣಗಳೇ ಒಡೆಯುತ್ತವೆ. ಕಾಕಾ ಇದನ್ನು ನಂಬುವುದಿಲ್ಲ. ‘ಅರವತ್ತು ವರ್ಷ ತಿಂದೀನಿ, ನನಗೇನಾಗ್ಯಾದವ್ವ?’ ಅಂತಾರೆ. ಕಾಕಾ, ನೀವು ನಾಯಿ ಅಲ್ರಿ.

ಇದೇ ಆ ಕೂಲರ್. ಇದರ ಕಥೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಮಾರ್ಚ್‌ನಲ್ಲಿ ಒಬ್ಬರು ಹಸ್ಕಿ ತಂದು ಬಿಟ್ಟರು. ಸೈಬೀರಿಯಾದ ನಾಯಿ, ಮಂಜಿನಲ್ಲಿ ಗಾಡಿ ಎಳೆಯುವುದಕ್ಕೆ ಹುಟ್ಟಿದ್ದು. ಅದನ್ನು ಕಲಬುರಗಿಗೆ ತಂದಿದ್ದಾರೆ. ಇಂಥವರಿಗೆ ಮೇ ತಿಂಗಳಲ್ಲಿ ಕಂಬಳಿ ಹೊದಿಸಿ ಜೇವರ್ಗಿ ರಸ್ತೆ ತುಂಬ ಓಡಿಸಬೇಕು. ‘ಅಕ್ಕಾರ, ಎರಡು ದಿನ ಇಟ್ಕೋರಿ, ಊರಿಗೆ ಹೋಗಿ ಬರ್ತೀವಿ’ ಅಂದರು. ನಮ್ಮ ರಿಜಿಸ್ಟರಿನಲ್ಲಿ ‘ಎಷ್ಟು ದಿನಕ್ಕೆ’ ಅಂತ ಒಂದು ಸಾಲಿದೆ. ಮೇಲಿಂದ ಕೆಳಗಿನವರೆಗೆ ಎರಡು ದಿನ, ಎರಡು ದಿನ, ಎರಡು ದಿನ. ಅದರಲ್ಲಿ ಒಂದು ನಾಯಿ ಮೂರು ವರ್ಷದಿಂದ ಇದೆ.

ಕೂದಲು ಬೋಳಿಸಿ ಅಂತ ಹೋದ ವಿಡಿಯೋದಲ್ಲಿ ಎಲ್ಲರೂ ಹೇಳಿದ್ದೀರಿ. ಬೋಳಿಸಬಾರದು. ಅದಕ್ಕೆ ಎರಡು ಪದರ ಕೂದಲು, ಬಿಸಿಲನ್ನು ತಡೆಯುವುದೂ ಅದೇ. ಬಾಚಿ ಉದುರಿದ್ದನ್ನು ತೆಗೆಯಬೇಕು, ತಂಪಿನಲ್ಲಿಡಬೇಕು. ತಂಪು ಎಲ್ಲಿಂದ ತರಲಿ? ಆಗ ದಾಲ್ ಮಿಲ್ಲಿನ ಮಾವ ಹಳೆಯ ತಗಡಿನ ಕೂಲರ್ ಕೊಟ್ಟರು. ಆಕಳಿಗೆ ತೊಗರಿ ಹೊಟ್ಟು ಕೊಡುವವರೂ ಇವರೇ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿತಲ್ಲ, ಅಂದರೆ ಈ ಆಕಳು ಟ್ಯಾಗ್ ಇರುವ ಹೊಟ್ಟು ತಿನ್ನುತ್ತಿದೆ. ಬೇಳೆ ರೇಟು ನೋಡಿದರೆ ನಮ್ಮ ಮನೆಗಿಂತ ಅದರ ಊಟವೇ ಮೇಲು.

ಕೂಲರ್ ಪುಕ್ಕಟೆ. ಹುಲ್ಲು ಪುಕ್ಕಟೆ ಅಲ್ಲ! ಮೂರು ಕಡೆಗೆ ಮೂರು ಹುಲ್ಲಿನ ಪ್ಯಾಡು. ಜನವರಿಯಲ್ಲಿ 70 ರೂಪಾಯಿಗೆ ಕೇಳುವವರಿಲ್ಲ. ಮೇನಲ್ಲಿ ಒಂದಕ್ಕೆ 150. ‘ನಾಯಿಗೆ ರೀ, ಸ್ವಲ್ಪ ನೋಡಿ ಹೇಳ್ರಿ’ ಅಂದೆ. ಅಂಗಡಿಯವರು ಒಂದು ಕ್ಷಣ ನನ್ನನ್ನೇ ನೋಡಿ, ‘ನಾಯಿಗೆ ಕೂಲರಾ? ನಮ್ಮನಿಯಾಗೇ ಇಲ್ಲ’ ಅಂದರು. ಅದಾದ ಮೇಲೆ ಚೌಕಾಸಿ ಮಾಡಲು ಬಾಯಿ ಬರಲಿಲ್ಲ. ಮೂರಕ್ಕೆ 450, ನೀರೆತ್ತುವ ಪುಟ್ಟ ಮೋಟರು 350. ಒಟ್ಟು 800. ನಮಗೆ ಅದು ಎರಡು ದಿನದ ಕೋಳಿ ಕಾಲು.

ಸಂಜೆ ಹಾಕಿದೆವು. ಗಾಳಿ ಬಂತು, ಹುಲ್ಲಿನ ವಾಸನೆ ಬಂತು, ಎಲ್ಲರೂ ಚಪ್ಪಾಳೆ. ನಮ್ಮೂರಿನದು ಒಣ ಹವೆ, ಕೂಲರ್ ಚೆನ್ನಾಗಿ ನಡೆಯುತ್ತದೆ. ಮಂಗಳೂರಿನಲ್ಲಿ ಹಾಕಿದರೆ ಬೆವರೇ ಜಾಸ್ತಿ. ಬೆಳಿಗ್ಗೆ ಬಂದರೆ ಈ ದೃಶ್ಯ. ನೋಡಿ. ಮೂರೂ ಕಡೆ ಹುಲ್ಲಿಲ್ಲ. ಮೂಲೆಯಲ್ಲಿ ದುಂಡಗೆ ಗೂಡು, ಗೂಡಿನ ನಡುವೆ ಸುಸ್ಲಾ ಅನ್ನುವ ನಮ್ಮ ನಾಯಿ. ಇವಳಿಗೆ ಕಾಲು ಮೂರೇ. ಪ್ಯಾಡಿಗೊಂದು ಕಾಲಿನಂತೆ ಲೆಕ್ಕ ಸರಿಹೋಯಿತು. ಬೈಯಬೇಕೆಂದು ಹತ್ತಿರ ಹೋದರೆ ಬಾಲ ಆಡಿಸುತ್ತಾಳೆ. ನಾನು ಮತ್ತೆ ಅದೇ ಅಂಗಡಿಗೆ ಹೋದೆ. ಈ ಸಲ ಒಂದಕ್ಕೆ 160!

ಈ ಮುಚ್ಚಿದ ಬಾಗಿಲನ್ನು ಬೇಗ ದಾಟುತ್ತೇನೆ. ಒಳಗೆ ಕ್ಯಾಮೆರಾ ಒಯ್ದಿಲ್ಲ. ಮಿಕ್ಸರ್ ಡಬ್ಬಿಯಲ್ಲಿ ಐದು ಮರಿ ಇಟ್ಟು ಹೋಗಿದ್ದರು. ಪಾರ್ವೋ, ನಾಯಿಮರಿಗಳಿಗೆ ಬರುವ ವೈರಸ್ ರೋಗ. ವಾಂತಿ, ರಕ್ತ ಬೇಧಿ. ನಮ್ಮ ಹತ್ತಿರ ಇದಕ್ಕೆ ನೇರ ಮದ್ದಿಲ್ಲ. ಸಲೈನ್ ಹಾಕಿ ಕಾಯುವುದು. ಮೂರು ಹೋದವು. ಎರಡು ನಿನ್ನೆ ಗಂಜಿ ನೆಕ್ಕಿದವು. ಬರೀ ಫಿನೈಲ್ ಹಾಕಿ ಒರೆಸಿದರೆ ಈ ವೈರಸ್ ಹೋಗುವುದಿಲ್ಲ, ಬ್ಲೀಚ್ ಬೇಕು. ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಆ ಮೂಲೆಗೆ ಸದ್ಯ ಬೇರೆ ಮರಿ ಬಿಡುವಂತಿಲ್ಲ. ಡಬ್ಬಿ ಇನ್ನೂ ಗೇಟಿನ ಹತ್ತಿರ ಇತ್ತು. ಕಾಕಾ ಸುಟ್ಟರು.

ಅವತ್ತೇ ತೀರ್ಮಾನ ಮಾಡಿದೆ, ಇನ್ನು ಒಂದೂ ನಾಯಿ ತೆಗೆದುಕೊಳ್ಳುವುದಿಲ್ಲ. ನನ್ನ ಹಿಂದೆ ಕಟ್ಟಿರುವ ಕಂದು ನಾಯಿಯನ್ನು ನೋಡಬೇಡಿ. ಅದು ಆಮೇಲೆ ಬಂದಿದ್ದು.

ಫೋನು ಮಾತ್ರ ನಿಲ್ಲುವುದಿಲ್ಲ. ನಮ್ಮ ಕಾಲೊನಿ ನಾಯಿಗಳನ್ನೆಲ್ಲ ಒಯ್ಯಿರಿ ಅಂತ. ಕೇಂದ್ರ ಸರ್ಕಾರದ 2023ರ ನಿಯಮದಲ್ಲಿ ಬೀದಿ ನಾಯಿಗೆ ಮರಿ ಆಗದಂತೆ ಆಪರೇಷನ್ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು. ಕಿವಿ ತುದಿ ಕತ್ತರಿಸಿದ್ದರೆ ಆಪರೇಷನ್ ಆಗಿದೆ ಅಂತ ಗುರುತು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಜಾಗದ ನಾಯಿಗಳನ್ನು ವಾಪಸ್ ಬಿಡದೆ ಶೆಲ್ಟರಿಗೆ ಕಳಿಸಿ ಅಂದಿದೆ. ಶೆಲ್ಟರ್ ಅಂದರೆ ಇದೇ ನೋಡಿ, ಒಂದು ಕೂಲರ್. ಕಚ್ಚಿಸಿಕೊಂಡವರ ಸಿಟ್ಟು ನನಗೆ ಅರ್ಥವಾಗುತ್ತದೆ, ನನಗೂ ಎರಡು ಸಲ ಕಚ್ಚಿದೆ. ಗಾಯವನ್ನು 15 ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು ಸೀದಾ ಆಸ್ಪತ್ರೆಗೆ ಹೋಗಿ. ಸುಣ್ಣ, ಖಾರದಪುಡಿ ಹಚ್ಚುತ್ತಾ ಕೂರಬೇಡಿ.

ಹಾಂ, ಹಸ್ಕಿ. ಅದರ ಮಾಲೀಕರು ಭಾನುವಾರ ಬಂದಿದ್ದರು. ಬೈಯಲು ಎರಡು ತಿಂಗಳಿಂದ ಮಾತು ಕೂಡಿಸಿಟ್ಟಿದ್ದೆ. ಜೊತೆಗೆ ಮಗ, ಏಳೆಂಟು ವರ್ಷ ಇರಬೇಕು. ಊರಿಗೆ ಹೋಗಿಯೇ ಇರಲಿಲ್ಲವಂತೆ. ಹೊಸ ಬಾಡಿಗೆ ಮನೆಯವರು ನಾಯಿ ಬೇಡ ಅಂದಿದ್ದಾರೆ. ಹುಡುಗ ಬ್ರಷ್ ತಂದಿದ್ದ. ಒಂದು ಗಂಟೆ ಬಾಚಿದ, ಒಂದು ಮಾತೂ ಆಡಲಿಲ್ಲ. ಕಂಬಳಿ ಹೊದಿಸಿ ಓಡಿಸುವ ಮಾತನ್ನು ಅರ್ಧ ವಾಪಸ್ ತೆಗೆದುಕೊಂಡಿದ್ದೇನೆ. ಪೂರ್ತಿ ಅಲ್ಲ.

ಈಗ ಕೂಲರಿಗೆ ಕೋಳಿ ಗೂಡಿನ ಜಾಲರಿ ಸುತ್ತಿದ್ದೇವೆ. ಸುಸ್ಲಾ ಮುಂದೆ ಕೂತು ಅದನ್ನೇ ನೋಡುತ್ತಿದ್ದಾಳೆ. ಹಸ್ಕಿ ಗಾಳಿಗೆ ಬಂದಿಲ್ಲ, ಹಿಂದೆ ನೀರು ಸೋರುವ ಕಲ್ಲಿನ ಮೇಲೆ ಹೊಟ್ಟೆ ಹಚ್ಚಿ ಮಲಗಿದೆ. ಗಾಳಿ ಬರುವ ಜಾಗದಲ್ಲಿ ಟವೆಲ್ ಹಾಸಿಕೊಂಡು ಗೊರಕೆ ಹೊಡೆಯುತ್ತಿರುವವರು ಕಾಕಾ.

ಇಲ್ಲಿ ಹಾರ್ನ್ ಕೇಳಿಸಿತಾ? ನೀರಿನ ಟ್ಯಾಂಕರ್. ಆಕಳು ಕಟ್ಟದೆ ಗೇಟು ತೆಗೆದರೆ ಡ್ರೈವರ್ ಕೆಳಗೇ ಇಳಿಯುವುದಿಲ್ಲ. ಅದಕ್ಕೇ ಶಾಟ್ ಅರ್ಧಕ್ಕೆ ನಿಂತಿದೆ.